ಪೂರ್ತಿ ಬಾಯಿಗೆ ಇಂಪ್ಲಾಂಟ್: ಅಪ್ಪನಿಗೆ ಬಿಗಿದ ಹಲ್ಲೋ, ತೆಗೆದು ಹಾಕುವ ಸೆಟ್ಟೋ?

ಕಿರಿಮಗಳು

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಎಪ್ಪತ್ತು ದಾಟಿದೆ. ಮೇಲಿನ ಹಲ್ಲೆಲ್ಲ ಹೋಗಿ ಸೆಟ್ ಹಾಕಿಸಿ ಎಷ್ಟೋ ವರ್ಷ ಆಯ್ತು. ಕೆಳಗೆ ಮುಂದಿನ ನಾಲ್ಕು ಹಲ್ಲು ಉಳಿದಿದ್ದವು, ಮಿಕ್ಕ ಜಾಗಕ್ಕೆ ಸೆಟ್ ಇದೆ, ಈಗ ಆ ನಾಲ್ಕೂ ಅಲ್ಲಾಡ್ತಿವೆ, ತೆಗೆಯಲೇಬೇಕು ಅಂದಿದ್ದಾರೆ. ಮೇಲಿನ ಸೆಟ್ಟಿನ ಬಗ್ಗೆ ಅವರದೇನೂ ದೂರಿಲ್ಲ, ಅಂಗುಳಕ್ಕೆ ಕಚ್ಚಿ ಕೂರುತ್ತೆ. ಕೆಳಗಿನದೇ ರಗಳೆ. ನಾಲಿಗೆ ಎತ್ತಿದರೆ ಜೊತೆಗೆ ಅದೂ ಏಳುತ್ತೆ. ಊಟಕ್ಕೆ ಕೂತ ತಕ್ಷಣ ಮುಖ ಆ ಕಡೆ ತಿರುಗಿಸಿ ಅದನ್ನು ತೆಗೆದು, ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಇಟ್ಕೋತಾರೆ. ಊಟಕ್ಕೆ ಅಂತ ಕಟ್ಟಿಸಿದ ಹಲ್ಲು ಊಟದ ಹೊತ್ತಿಗೇ ಜೇಬು ಸೇರುತ್ತೆ!

ಇಬ್ಬರು ದಂತವೈದ್ಯರಿಗೆ ತೋರಿಸಿದ್ವಿ. ಒಬ್ಬರು ಮೇಲೆ ನಾಲ್ಕು, ಕೆಳಗೆ ನಾಲ್ಕು ಇಂಪ್ಲಾಂಟ್ (ದವಡೆ ಮೂಳೆಯೊಳಗೆ ಕೂರಿಸೋ ಟೈಟಾನಿಯಂ ಸ್ಕ್ರೂ) ಹಾಕಿ ಅದೇ ದಿನ ಅವಕ್ಕೆ ಬಿಗಿದ, ನಾವು ತೆಗೆಯೋಕಾಗದ ಹಲ್ಲು ಕೊಟ್ಟು ಕಳಿಸ್ತೀವಿ ಅಂದ್ರು. ಇನ್ನೊಬ್ಬರು ಕೆಳಗೆ ಎರಡೇ ಇಂಪ್ಲಾಂಟ್ ಸಾಕು, ಅದರ ಮೇಲೆ ಅಂಗಿ ಗುಂಡಿ ಥರ ಸಿಕ್ಕಿಕೊಳ್ಳುವ ಸೆಟ್ ಮಾಡೋಣ, ಮೇಲಿನದನ್ನು ಮುಟ್ಟೋದೇ ಬೇಡ ಅಂದ್ರು. ಒಂದೇ ಬಾಯಿ, ಎರಡು ಸಲಹೆಗೂ ಅಜಗಜಾಂತರ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ, ಹತೋಟಿಯಲ್ಲಿದೆ. ಬೀಡಿ ಸಿಗರೇಟು ಇಲ್ಲ. ಯಾರ ಮಾತು ಕೇಳೋದು?

ನಗುಮುಖ

ಅಕ್ಕಾ, ನನಗೆ ಎರಡೂ ದವಡೆಗೆ ಬಿಗಿದದ್ದೇ ಆಗಿದೆ. ಹಾಗಾಗಿ ನನ್ನ ಮಾತು ಒಂದು ಕಡೆಗೆ ವಾಲಿರುತ್ತೆ, ಅದನ್ನ ತಿಳಿದೇ ಓದಿ. ಒಸಡಿನ ಕಾಯಿಲೆಯಿಂದ ಐವತ್ತು ತುಂಬೋದ್ರೊಳಗೇ ನನ್ನ ಬಾಯಿ ಖಾಲಿ. ಸೆಟ್ ಹಾಕ್ಕೊಂಡು ಕೆಲಸಕ್ಕೆ ಹೋಗ್ತಿದ್ದೆ. ಸೀನು ಬಂದ್ರೂ ಕೈ ಬಾಯಿಗೆ, ನಗು ಬಂದ್ರೂ ಕೈ ಬಾಯಿಗೆ. ಬಿಗಿದ ಹಲ್ಲು ಬಂದ ಮೇಲೆ ಮೊದಲು ಗೊತ್ತಾಗಿದ್ದು ಅಂಗುಳ. ಮೇಲಿನ ಸೆಟ್ಟಿನ ತಟ್ಟೆ ಅಂಗುಳವನ್ನೆಲ್ಲ ಮುಚ್ಚಿರುತ್ತಲ್ಲ, ಅದಿಲ್ಲ ಈಗ. ಬಿಸಿ ಯಾವುದು ತಣ್ಣಗಿರೋದು ಯಾವುದು ಅನ್ನೋದು ಮತ್ತೆ ನೇರವಾಗಿ ತಿಳಿಯಿತು.

ಯಾರೂ ಮೊದಲೇ ಹೇಳದ ವಿಷಯ ಅಂದ್ರೆ ಮಾತು. ಮೊದಮೊದಲು ಸ, ಶ ಬಂದಾಗೆಲ್ಲ ಸೀಟಿ ಊದಿದ ಹಾಗೆ ಗಾಳಿ, ಜೊತೆಗೆ ಎಂಜಲು ಸಿಡಿಯೋದು. ಪತ್ರಿಕೆ ಗಟ್ಟಿಯಾಗಿ ಓದಿ ಓದಿ ಸರಿಹೋಯ್ತು. ಇನ್ನೊಂದು, ಅದೇ ದಿನ ಹಲ್ಲು ಅಂದ್ರೆ ಅದೇ ದಿನ ಅಗಿಯಬಹುದು ಅಂತಲ್ಲ. ತಾತ್ಕಾಲಿಕ ಹಲ್ಲಿದ್ದಷ್ಟು ಕಾಲ ಮೆತ್ತಗಿರೋದೇ ಗತಿ.

ತಕರಾರು

ಬಂತು ನೋಡಿ. "ಅದೇ ದಿನ ಹಲ್ಲು" ಅಂತ ದೊಡ್ಡಕ್ಷರದಲ್ಲಿ ಬರೆಯೋರು ಪಕ್ಕದಲ್ಲಿ "ತಾತ್ಕಾಲಿಕ" ಅಂತ ಸಣ್ಣಕ್ಷರದಲ್ಲೂ ಬರೆಯಲ್ಲ. ಅವತ್ತು ಕೊಡೋದು ಪ್ಲಾಸ್ಟಿಕ್ ಜಾತಿಯ ಹಗುರ ಹಲ್ಲು. ಒಳಗೆ ಮೂಳೆ ಕೂಡಿಕೊಂಡ ಮೇಲೆ, ತಿಂಗಳುಗಳು ಕಳೆದು, ಅಸಲಿ ಸೇತುವೆ, ಅಂದ್ರೆ ಇಂಪ್ಲಾಂಟ್‌ಗಳ ಮೇಲೆ ಒಂದೇ ತುಂಡಾಗಿ ಕೂರೋ ಹಲ್ಲಿನ ಸಾಲು. ಎರಡು ಸಲ ಮಾಡೋ ಕೆಲಸವನ್ನ ಒಂದೇ ದಿನದ ಕೆಲಸ ಅಂತ ಮಾರೋದು ನನಗೆ ಸರಿ ಕಾಣಲ್ಲ.

ನಿವೃತ್ತ ಮೇಡಂ

ಕಿರಿಮಗಳು ಅವರೇ, ನಾನು ಕೃತಕ ದಂತ ವಿಭಾಗದಲ್ಲಿ ಪಾಠ ಮಾಡುತ್ತಿದ್ದವಳು, ಈಗ ನಿವೃತ್ತಿ. ನಿಮ್ಮ ತಂದೆಯ ಬಾಯಿ ನೋಡದೆ ಇದೇ ಸರಿ ಎನ್ನಲಾರೆ. ಆದರೆ ಇಬ್ಬರು ವೈದ್ಯರೂ ಸುಳ್ಳು ಹೇಳಿಲ್ಲ ಎಂದು ಮಾತ್ರ ಹೇಳಬಲ್ಲೆ. ಒಬ್ಬರು "ಹಲ್ಲಿನ ಬದಲಿಗೆ ಹಲ್ಲಿಗೆ ಹತ್ತಿರದ್ದು ಏನು ಕೊಡಬಹುದು" ಎಂದು ಯೋಚಿಸಿದ್ದಾರೆ. ಇನ್ನೊಬ್ಬರು "ಈ ಮನುಷ್ಯನ ತೊಂದರೆ ಎಲ್ಲಿದೆ" ಎಂದು ನೋಡಿದ್ದಾರೆ.

ಕೆಳಗಿನ ಸೆಟ್ಟು ಏಕೆ ನಿಲ್ಲುವುದಿಲ್ಲ ಎಂಬುದನ್ನು ಮೊದಲು ತಿಳಿಯಿರಿ. ಮೇಲೆ ಅಂಗುಳದ ಅಗಲವಾದ ಜಾಗವಿದೆ, ಅಂಚು ಮುಚ್ಚಿಕೊಂಡರೆ ಒಳಗಿನ ಗಾಳಿ ಹೋಗಿ ಸೆಟ್ಟು ಅಂಟಿ ನಿಲ್ಲುತ್ತದೆ. ಕೆಳಗೆ ಇರುವುದು ಲಾಳಾಕಾರದ ಒಂದು ದಿಣ್ಣೆ, ಆಸರೆಯ ಜಾಗ ಮೇಲಿನದರ ಸುಮಾರು ಅರ್ಧ. ನಡುವೆ ದಿನವಿಡೀ ಆಡುವ ನಾಲಿಗೆ. ಹಲ್ಲು ಕಿತ್ತ ಮೇಲೆ ದವಡೆಯ ಮೂಳೆಗೆ ಬೇರಿನ ಮೂಲಕ ಬರುತ್ತಿದ್ದ ಒತ್ತಡ ನಿಲ್ಲುತ್ತದೆ, ಮೂಳೆ ಕರಗತೊಡಗುತ್ತದೆ. ಮೊದಲ ವರ್ಷ ವೇಗ, ಆಮೇಲೆ ನಿಧಾನ, ಆದರೆ ಪೂರ್ತಿ ನಿಲ್ಲುವುದೇ ಇಲ್ಲ. ಹಲವು ವರ್ಷಗಳ ಲೆಕ್ಕದಲ್ಲಿ ಕೆಳದವಡೆಯ ದಿಣ್ಣೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಸವೆಯುತ್ತದೆ. ಆದ್ದರಿಂದ ಮೇಲಿನದು ಸರಿ, ಕೆಳಗಿನದು ರಗಳೆ ಎನ್ನುವುದು ನಿಮ್ಮ ತಂದೆಯೊಬ್ಬರ ಕಥೆಯಲ್ಲ.

ಇದೇ ಕಾರಣಕ್ಕೆ 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಒಂದು ಒಮ್ಮತಕ್ಕೆ ಬಂದರು: ಹಲ್ಲೇ ಇಲ್ಲದ ಕೆಳದವಡೆಗೆ ಮೊದಲು ಸೂಚಿಸಬೇಕಾದ್ದು ಬರೀ ಸೆಟ್ಟು ಅಲ್ಲ, ಎರಡು ಇಂಪ್ಲಾಂಟ್ ಮೇಲೆ ಕೂರುವ ಸೆಟ್ಟು. 2009ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲೂ ಅದನ್ನೇ ಎತ್ತಿಹಿಡಿದರು. ನಿಮ್ಮ ಎರಡನೆಯ ವೈದ್ಯರು ಹೇಳಿದ್ದು ಇದನ್ನೇ. ಆ ಎರಡು ಇಂಪ್ಲಾಂಟ್ ಕೂರಿಸುವುದು ಕೋರೆಹಲ್ಲಿನ ಜಾಗದಲ್ಲಿ. ಕೆಳತುಟಿಗೆ ಸ್ಪರ್ಶಜ್ಞಾನ ಕೊಡುವ ನರ ಅದಕ್ಕೂ ಹಿಂದೆಯೇ ಮೂಳೆಯಿಂದ ಹೊರಬಂದಿರುತ್ತದೆ, ಮುಂದಿನ ಭಾಗದಲ್ಲಿ ದಶಕಗಳ ನಂತರವೂ ಸಾಮಾನ್ಯವಾಗಿ ಸಾಕಷ್ಟು ಮೂಳೆ ಉಳಿದಿರುತ್ತದೆ.

ತಕರಾರು

ಮೇಡಂ, ಹಾಗಾದ್ರೆ ನಾಲ್ಕು ಇಂಪ್ಲಾಂಟ್ ಅನ್ನೋದು ಬರೀ ವ್ಯಾಪಾರವಾ?

ನಿವೃತ್ತ ಮೇಡಂ

ಅಲ್ಲವೇ ಅಲ್ಲ. ಅದರ ಹಿಂದೆ ಗಟ್ಟಿ ವಿಚಾರವಿದೆ. ಸ್ವಲ್ಪ ಹಿಂದಕ್ಕೆ ಹೋಗೋಣ. ಸ್ವೀಡನ್ನಿನ ಪೆರ್ ಇಂಗ್ವಾರ್ ಬ್ರೋನೆಮಾರ್ಕ್ 1952ರಲ್ಲಿ ಮೊಲದ ಕಾಲಿನ ಮೂಳೆಯೊಳಗೆ ಟೈಟಾನಿಯಂನ ಪುಟ್ಟ ಕೊಳವೆ ಇಟ್ಟು, ಮೂಳೆ ಮಾಯುವಾಗ ರಕ್ತ ಹೇಗೆ ಹರಿಯುತ್ತದೆಂದು ನೋಡುತ್ತಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲೊಲ್ಲದು, ಮೂಳೆ ಅದಕ್ಕೆ ಬೆಸೆದುಕೊಂಡಿತ್ತು. 1965ರಲ್ಲಿ ಮೊದಲ ಬಾರಿಗೆ ಗೋಸ್ಟಾ ಲಾರ್ಸನ್ ಎಂಬ ರೋಗಿಯ ದವಡೆಗೆ ಹಾಕಿದರು. ಆತ 2006ರಲ್ಲಿ ತೀರಿಕೊಳ್ಳುವವರೆಗೂ ಆ ಇಂಪ್ಲಾಂಟ್‌ಗಳು ಬಾಯಲ್ಲೇ ಇದ್ದವು, ಕೆಲಸವನ್ನೂ ಮಾಡುತ್ತಿದ್ದವು.

ಆಗಿನ ಪದ್ಧತಿಯಲ್ಲಿ ಇಂಪ್ಲಾಂಟ್ ಹಾಕಿ ಒಸಡು ಮುಚ್ಚಿ ಹೊಲಿದು, ಕೆಳದವಡೆಯಾದರೆ ಮೂರು ನಾಲ್ಕು ತಿಂಗಳು, ಮೇಲಿನದಾದರೆ ಆರು ತಿಂಗಳು ಕಾಯಬೇಕಿತ್ತು. ಮೇಲಿನ ಮೂಳೆ ಮೆದು, ಅದಕ್ಕೆ ಹೆಚ್ಚು ಸಮಯ. ಹಿಂಭಾಗದಲ್ಲಿ ಮೂಳೆ ಇಲ್ಲದವರಿಗೆ ಮೂಳೆ ಕಸಿ, ಸೈನಸ್ (ಮೇಲಿನ ದವಡೆಯ ಮೇಲಿರುವ ಗಾಳಿಯ ಪೊಳ್ಳು) ತಳವನ್ನು ಎತ್ತುವ ಶಸ್ತ್ರಚಿಕಿತ್ಸೆ, ಮತ್ತೆ ತಿಂಗಳುಗಟ್ಟಲೆ ಕಾಯುವಿಕೆ. ಪೋರ್ಚುಗಲ್‌ನ ಪಾಲೊ ಮಾಲೊ 1990ರ ದಶಕದ ಕೊನೆಗೆ ಇದಕ್ಕೊಂದು ಅಡ್ಡದಾರಿ ಹುಡುಕಿದರು. ಮುಂದೆ ಎರಡು ಇಂಪ್ಲಾಂಟ್ ನೆಟ್ಟಗೆ, ಹಿಂದಿನ ಎರಡನ್ನು 45 ಡಿಗ್ರಿವರೆಗೆ ಓರೆಯಾಗಿ. ಓರೆ ಮಾಡಿದ್ದರಿಂದ ಮೇಲೆ ಸೈನಸ್ಸಿಗೂ ಕೆಳಗೆ ನರಕ್ಕೂ ತಾಗದೆ ಉದ್ದನೆಯ ಇಂಪ್ಲಾಂಟ್ ಕೂರುತ್ತದೆ, ಹಲ್ಲಿನ ಸಾಲನ್ನೂ ಹಿಂದಕ್ಕೆ ಚಾಚಬಹುದು. ಅನೇಕರಿಗೆ ಮೂಳೆ ಕಸಿಯ ಗೊಡವೆಯೇ ತಪ್ಪಿತು.

ಅದೇ ದಿನ ಹಲ್ಲು ಕೊಡುವುದಕ್ಕೂ ಲೆಕ್ಕವಿದೆ. ಹೊಸ ಇಂಪ್ಲಾಂಟ್ ಒಂದೊಂದೇ ಇದ್ದರೆ ಅಗಿಯುವಾಗ ಅಲುಗುತ್ತದೆ. ಅಲುಗಾಟ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗವನ್ನು ದಾಟುತ್ತಾ ಹೋದರೆ ಮೂಳೆಯ ಬದಲು ನಾರಿನಂಥ ಅಂಗಾಂಶ ಬೆಳೆದು ಇಂಪ್ಲಾಂಟ್ ಸೋಲುತ್ತದೆ. ನಾಲ್ಕನ್ನೂ ಒಂದು ಗಟ್ಟಿ ಸೇತುವೆಯಿಂದ ಕಟ್ಟಿಹಾಕಿದರೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಆದರೂ ಪ್ರತಿ ಇಂಪ್ಲಾಂಟ್ ಸುಮಾರು 35 ನ್ಯೂಟನ್ ಸೆಂಟಿಮೀಟರ್ (ಸ್ಕ್ರೂ ತಿರುಗಿಸುವ ಬಲದ ಅಳತೆ) ಬಿಗಿಯಲ್ಲಿ ಕೂತಿರಬೇಕು. ಮೂಳೆ ಮೆದುವಾಗಿ ಅಷ್ಟು ಬಿಗಿ ಸಿಗದಿದ್ದರೆ ಒಳ್ಳೆಯ ವೈದ್ಯರು ಅಂದು ಹಲ್ಲು ಕೊಡುವುದಿಲ್ಲ, ಕಾಯಿಸುತ್ತಾರೆ. ಒಳಗೆ ಕೊರೆದ ಮೇಲೆ ಗೊತ್ತಾಗುವ ಸಂಗತಿ ಇದು. ಅದೇ ದಿನ ಕೊಟ್ಟೇ ಕೊಡುತ್ತೇವೆ ಎಂದು ಮೊದಲೇ ಆಣೆ ಇಡುವವರ ಬಗ್ಗೆ ನನಗೆ ಅನುಮಾನ.

ಪಿಂಗಾಣಿ

ನಾನು ಲ್ಯಾಬ್‌ನವನು, ಇವರೆಲ್ಲ ಹೇಳೋ ಆ ಸೇತುವೆ ಮಾಡೋನು. ಇಂಪ್ಲಾಂಟ್ ಎಷ್ಟು ಅಂತ ಎಲ್ಲರೂ ಕೇಳ್ತಾರೆ, ಹಲ್ಲು ಯಾವುದರದ್ದು ಅಂತ ಕೇಳೋರು ಕಡಿಮೆ. ಬಿಗಿದ ಹಲ್ಲಲ್ಲಿ ಸಾಮಾನ್ಯವಾಗಿ ಎರಡು ಜಾತಿ. ಟೈಟಾನಿಯಂ ಸರಳಿನ ಮೇಲೆ ಅಕ್ರಿಲಿಕ್ ಅನ್ನೋ ಪ್ಲಾಸ್ಟಿಕ್ ಹಲ್ಲು, ಇಲ್ಲಾಂದ್ರೆ ಜಿರ್ಕೋನಿಯಾ ಅನ್ನೋ ಪಿಂಗಾಣಿ ಜಾತಿಯದ್ದು. ಅಕ್ರಿಲಿಕ್ ಸವೆಯುತ್ತೆ, ಒಂದೊಂದು ಹಲ್ಲು ಕಿತ್ತು ಬರುತ್ತೆ, ಆದ್ರೆ ರಿಪೇರಿ ಸುಲಭ, ಬಿಚ್ಚಿ ತಂದುಕೊಟ್ರೆ ಕೂರಿಸಿ ಕಳಿಸ್ತೀವಿ. ಜಿರ್ಕೋನಿಯಾ ಗಟ್ಟಿ, ಬಣ್ಣ ಕೆಡಲ್ಲ, ಆದ್ರೆ ಸೀಳಿದ್ರೆ ರಿಪೇರಿ ಅನ್ನೋ ಮಾತೇ ಇಲ್ಲ, ಹೊಸದೇ ಮಾಡಬೇಕು. ರಾತ್ರಿ ಹಲ್ಲು ಕಡಿಯೋ ಅಭ್ಯಾಸ ಇದ್ರೆ ಮೊದಲೇ ಹೇಳಿಬಿಡಿ. ಸ್ವಂತ ಹಲ್ಲಿನ ಬೇರಿನ ಸುತ್ತ ಒಂದು ನಾರಿನ ಪದರ ಇದ್ದು, ಜೋರಾಗಿ ಕಚ್ಚಿದ್ರೆ ಮಿದುಳಿಗೆ ಸುದ್ದಿ ಮುಟ್ಟಿಸುತ್ತೆ. ಇಂಪ್ಲಾಂಟಿಗೆ ಅದಿಲ್ಲ. ಎಷ್ಟು ಜೋರು ಕಚ್ತಿದ್ದೀವಿ ಅಂತ ಗೊತ್ತಾಗದೇ ಕಚ್ತಾರೆ, ಆಮೇಲೆ ನಮ್ಮ ಮೇಜಿಗೆ ತುಂಡು ಬರುತ್ತೆ.

ಇನ್ನೊಂದು ಜಾಗದ ವಿಷಯ. ಸರಳು, ಗುಲಾಬಿ ಒಸಡು, ಹಲ್ಲು ಎಲ್ಲ ಸೇರಿ ಕೂರೋಕೆ ಒಂದು ದವಡೆಗೆ ಸುಮಾರು 15 ಮಿಲಿಮೀಟರ್ ಎತ್ತರ ಬೇಕು. ಮೂಳೆ ಜಾಸ್ತಿ ಉಳಿದಿರೋರಿಗೆ ಅಷ್ಟು ಇರಲ್ಲ, ಆಗ ಮೂಳೆಯನ್ನೇ ತರಿದು ಚಪ್ಪಟೆ ಮಾಡ್ತಾರೆ. ಒಳ್ಳೇ ಮೂಳೆ ತರಿಯೋದು ಅಂದ್ರೆ ಹಿಂದಿರುಗಿ ಬರದ ದಾರಿ. ನಿಮಗೆ ಹಾಗೆ ಮಾಡಬೇಕಾಗುತ್ತಾ, ಎಷ್ಟು, ಅಂತ ಬಾಯಿಬಿಟ್ಟು ಕೇಳಿ.

ಧೂಮಕೇತು

ಸಿಗರೇಟ್ ಸೇದೋರ ಗತಿ ಏನು? ಕೇಳ್ತಿರೋದು ಸ್ನೇಹಿತನಿಗೋಸ್ಕರ.

ನಿವೃತ್ತ ಮೇಡಂ

ಸ್ನೇಹಿತರಿಗೆ ಹೇಳಿ: ಇಂಪ್ಲಾಂಟ್ ಸೋಲುವ ಸಂಭವ ಸುಮಾರು ಎರಡು ಪಟ್ಟು. ಹಾಕಬಾರದೆಂದಿಲ್ಲ, ಆದರೆ ಒಸಡಿಗೆ ರಕ್ತ ಕಡಿಮೆ ಹೋಗುವ ಬಾಯಲ್ಲಿ ಗಾಯ ನಿಧಾನ ಮಾಯುತ್ತದೆ.

ಸೊಸೆ

ನಾನೂ ಇಲ್ಲೇ ಕೇಳ್ತೀನಿ, ಬೇರೆ ಎಳೆ ಶುರು ಮಾಡಲ್ಲ. ನಮ್ಮತ್ತೆಗೆ ಮೂಳೆ ಸವೆತ (ಆಸ್ಟಿಯೊಪೊರೋಸಿಸ್), ವರ್ಷಕ್ಕೊಂದು ಇಂಜೆಕ್ಷನ್ ಕೊಡಿಸ್ತೀವಿ. ಇಂಪ್ಲಾಂಟ್ ಹಾಕೋರು ಬರೀ ಬಿಪಿ, ಶುಗರ್ ಕೇಳಿದ್ರು, ಇದನ್ನ ಕೇಳಲೇ ಇಲ್ಲ. ಹೇಳಬೇಕಾ?

ನಿವೃತ್ತ ಮೇಡಂ

ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಬೇಕು. ಮೂಳೆ ಸವೆತಕ್ಕೆ ಕೊಡುವ ಬಿಸ್‌ಫಾಸ್ಫೊನೇಟ್ ಗುಂಪಿನ ಮಾತ್ರೆ, ಇಂಜೆಕ್ಷನ್, ಹಾಗೆಯೇ ಡೆನೊಸುಮ್ಯಾಬ್, ಇವು ಮೂಳೆ ಕರಗುವುದನ್ನು ತಡೆಯುತ್ತವೆ. ಜೊತೆಗೆ ಮೂಳೆ ತನ್ನನ್ನು ತಾನು ನವೀಕರಿಸಿಕೊಳ್ಳುವ ಕೆಲಸವೂ ಕುಂಠಿತವಾಗುತ್ತದೆ. ಹಲ್ಲು ಕಿತ್ತ ಅಥವಾ ಇಂಪ್ಲಾಂಟ್ ಹಾಕಿದ ಗಾಯ ಮಾಯದೆ ದವಡೆಯ ಮೂಳೆಯೇ ಸತ್ತು ಬಾಯಲ್ಲಿ ಕಾಣಿಸಿಕೊಳ್ಳುವ ಅಪಾಯವಿದೆ. ಮೂಳೆ ಸವೆತದ ಪ್ರಮಾಣದಲ್ಲಿ ಕೊಟ್ಟವರಿಗೆ ಅಪಾಯ ಕಡಿಮೆ, ಕ್ಯಾನ್ಸರ್ ಮೂಳೆಗೆ ಹಬ್ಬಿದ್ದಕ್ಕೆ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟವರಿಗೆ ಬಹಳ ಹೆಚ್ಚು. ಇಂಜೆಕ್ಷನ್ ಬರೆದ ವೈದ್ಯರು ಮತ್ತು ದಂತವೈದ್ಯರು ಒಬ್ಬರಿಗೊಬ್ಬರು ಮಾತಾಡಲಿ. ನೀವಾಗಿಯೇ ಇಂಜೆಕ್ಷನ್ ತಪ್ಪಿಸುವುದು, ಮುಂದೂಡುವುದು ಮಾಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆಗಳ ವಿಷಯವೂ ಅಷ್ಟೇ, ಅದನ್ನು ನಿಲ್ಲಿಸಿ ಹೃದಯಕ್ಕೆ ತೊಂದರೆ ತಂದುಕೊಂಡವರನ್ನು ಕಂಡಿದ್ದೇನೆ.

ಕಿರಿಮಗಳು, ನಿಮ್ಮ ತಂದೆಯ ಮೂರು ತಿಂಗಳ ಸರಾಸರಿ ಸಕ್ಕರೆ (ಎಚ್‌ಬಿಎ1ಸಿ ಪರೀಕ್ಷೆ) ಶೇಕಡಾ ಏಳರ ಆಸುಪಾಸು ಇದ್ದರೆ ಚಿಂತೆಯಿಲ್ಲ. ಎಂಟು ದಾಟಿದ್ದರೆ ಮೊದಲು ಅದನ್ನು ಇಳಿಸಿ, ದವಡೆಯ ಕೆಲಸ ಆಮೇಲೆ.

ಆರೈಕೆ

ಇಷ್ಟು ಹೊತ್ತು ಓದ್ತಾ ಇದ್ದೆ. ಎಲ್ಲರೂ ಹಾಕೋದರ ಬಗ್ಗೆಯೇ ಮಾತಾಡ್ತಿದ್ದೀರಿ. ನಾನು ವಯಸ್ಸಾದವರನ್ನು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ನರ್ಸ್. ನನ್ನ ಪ್ರಶ್ನೆ ಒಂದೇ: ಹತ್ತು ವರ್ಷದ ಮೇಲೆ ಆ ಬಾಯಿ ತೊಳೆಯೋದು ಯಾರು?

ಬಿಗಿದ ಹಲ್ಲಿನ ಕೆಳಗೆ, ಒಸಡಿಗೂ ಸೇತುವೆಗೂ ನಡುವೆ ಸಣ್ಣ ಸಂದಿ ಇರುತ್ತೆ. ತಿಂದದ್ದು ಅಲ್ಲೇ ಹೋಗಿ ಕೂರೋದು. ಅದನ್ನ ತೆಗೆಯೋಕೆ ದಪ್ಪ ಫ್ಲಾಸ್ ದಾರದ ಗಟ್ಟಿ ತುದಿಯನ್ನ ಕೆನ್ನೆ ಕಡೆಯಿಂದ ತೂರಿಸಿ, ನಾಲಿಗೆ ಕಡೆ ಹಿಡಿದು ಎಳೆದು, ಒಂದೊಂದು ಇಂಪ್ಲಾಂಟಿನ ಸುತ್ತಲೂ ಉಜ್ಜಬೇಕು. ಸಣ್ಣ ಬಾಟಲಿ ಬ್ರಷ್ ಇದೆ, ನೀರು ಚಿಮ್ಮೋ ಯಂತ್ರ ಇದೆ. ಎಲ್ಲ ಸರಿ. ಕೈ ನಡುಗದೇ ಇರೋವರೆಗೆ, ಕನ್ನಡಿಯಲ್ಲಿ ಕಾಣೋವರೆಗೆ, ತೊಳೀಬೇಕು ಅನ್ನೋದು ನೆನಪಿರೋವರೆಗೆ ಸರಿ. ಪಾರ್ಶ್ವವಾಯು ಆದವರಿಗೆ, ಮರೆವಿನ ಕಾಯಿಲೆ ಬಂದವರಿಗೆ ಬಾಯಿ ಬಿಡಿಸೋದೇ ಒಂದು ಸಾಹಸ. ನೀರು ಚಿಮ್ಮಿಸಿದ್ರೆ ಗಂಟಲಿಗೆ ಹೋಗುತ್ತೆ ಅನ್ನೋ ಭಯ. ಒಬ್ಬರು ಅಜ್ಜನ ಬಾಯಲ್ಲಿ ಅಂಥ ಸೇತುವೆಯ ಕೆಳಗೆ ಟಾರ್ಚ್ ಬಿಟ್ಟು ನೋಡಿದಾಗ ಒಸಡು ಊದಿ ಸೇತುವೆಯ ಅಂಚನ್ನೇ ಮುಚ್ಚಿತ್ತು, ಮುಟ್ಟಿದ್ರೆ ಕೀವು. ಅವರಿಗೆ ನೋವಿರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ. ತೆಗೆಯೋ ಸೆಟ್ ಆಗಿದ್ರೆ ನಾನು ಕೈಯಲ್ಲಿ ತೆಗೆದು, ನಲ್ಲಿ ಕೆಳಗೆ ಉಜ್ಜಿ, ಬಾಯಲ್ಲಿರೋ ಎರಡು ಮೊಳೆ ಒರೆಸಿ ಮುಗಿಸ್ತಿದ್ದೆ.

ನಗುಮುಖ

ಆರೈಕೆ ಮೇಡಂ, ನಿಮ್ಮ ಮಾತು ಒಪ್ತೀನಿ, ಆದ್ರೆ ಒಂದು ಸಂಕಟ ಹೇಳ್ತೀನಿ ಕೇಳಿ. ಐವತ್ತಕ್ಕೇ ಹಲ್ಲು ಕಳ್ಕೊಂಡೋನಿಗೆ ಮುಂದೆ ಎಂಬತ್ತರಲ್ಲಿ ತೊಳೆಯೋರು ಯಾರು ಅಂತ ಹೇಳಿ ಮೂವತ್ತು ವರ್ಷ ರಾತ್ರಿ ಲೋಟದಲ್ಲಿ ಹಲ್ಲು ಇಡು ಅನ್ನೋಕಾಗುತ್ತಾ? ಬಿಗಿದ ಹಲ್ಲು ಬಂದ ಮೇಲೆ ನಾನು ಹಲ್ಲಿನ ವಿಷಯ ಮರೆತೇಬಿಡ್ತೀನಿ. ಆ ಮರೆವೇ ನನಗೆ ಬೇಕಾಗಿದ್ದದ್ದು.

ತಕರಾರು

ಮರೀಬೇಡಿ ಸಾರ್, ಮರೆತೋರದ್ದೇ ಕೀವಾಗೋದು :)

ನಿವೃತ್ತ ಮೇಡಂ

ಇಬ್ಬರೂ ಸರಿ. ಇಲ್ಲಿ ವಯಸ್ಸು ನೋಡಲೇಬೇಕು. ವಯಸ್ಸಾಯಿತು ಎಂದು ಇಂಪ್ಲಾಂಟ್ ನಿರಾಕರಿಸುವಂತಿಲ್ಲ, ಎಂಬತ್ತರ ಮೂಳೆಯೂ ಟೈಟಾನಿಯಂಗೆ ಕೂಡಿಕೊಳ್ಳುತ್ತದೆ. ಆದರೆ ಎಂಥ ಹಲ್ಲು ಎನ್ನುವುದನ್ನು ವಯಸ್ಸೂ ಕೈಬೆರಳೂ ತೀರ್ಮಾನಿಸಬೇಕು. ನಲವತ್ತೈದು ಐವತ್ತರವರಿಗೆ ಬಿಗಿದದ್ದು ಕೊಟ್ಟು, ಕೈ ಸೋಲುವ ಕಾಲಕ್ಕೆ ಸೇತುವೆ ಬಿಚ್ಚಿ ಅದೇ ಇಂಪ್ಲಾಂಟ್‌ಗಳ ಮೇಲೆ ತೆಗೆಯುವ ಸೆಟ್ಟು ಕೂರಿಸಲು ಅನೇಕ ಸಲ ಸಾಧ್ಯವಿದೆ. ಹಾಗೆ ಮಾಡಬೇಕಾದರೆ ಸೇತುವೆಯನ್ನು ಸ್ಕ್ರೂ ಹಾಕಿ ಕೂರಿಸಿರಬೇಕು, ಸಿಮೆಂಟಿನಿಂದ ಅಂಟಿಸಿರಬಾರದು. ಹೆಚ್ಚಾದ ಸಿಮೆಂಟ್ ಒಸಡಿನ ಕೆಳಗೆ ಉಳಿದು ಸೋಂಕಿಗೂ ಕಾರಣವಾಗುತ್ತದೆ.

ಆರೈಕೆಯವರು ಹೇಳಿದ ಕೀವಿನ ಬಗ್ಗೆ ಇನ್ನೊಂದು ಮಾತು. ಇಂಪ್ಲಾಂಟಿಗೆ ಹುಳುಕು ಹಿಡಿಯುವುದಿಲ್ಲ ಎಂಬುದನ್ನೇ ಹಿಡಿದುಕೊಂಡು ಜನ ನಿಶ್ಚಿಂತೆಯಾಗುತ್ತಾರೆ. ಹುಳುಕು ಹಿಡಿಯುವುದಿಲ್ಲ, ನಿಜ. ಆದರೆ ಸುತ್ತಲಿನ ಮೂಳೆಗೆ ಸೋಂಕು ಹಿಡಿಯುತ್ತದೆ. ಒಸಡಿನ ಕಾಯಿಲೆಯಿಂದ ಹಲ್ಲು ಕಳೆದುಕೊಂಡವರಿಗೆ ಸಂಭವ ಹೆಚ್ಚು, ಬಾಯಲ್ಲಿರುವ ಕ್ರಿಮಿಗಳೂ ಶುಚಿಯ ಅಭ್ಯಾಸವೂ ಅವೇ ತಾನೆ! ನೋವಿಲ್ಲದೆ ಮೂಳೆ ತಿಂದುಕೊಂಡು ಹೋಗುತ್ತದೆ. ಉಜ್ಜುವಾಗ ರಕ್ತ, ಕೆಟ್ಟ ರುಚಿ, ಇವೇ ಮುನ್ಸೂಚನೆ. ನಗುಮುಖ ಅವರೇ, ನೀವು ಹೇಳಿದ್ದು ಒಸಡಿನ ಕಾಯಿಲೆ. ಆರು ತಿಂಗಳಿಗೊಮ್ಮೆ ತೋರಿಸುವುದನ್ನು ತಪ್ಪಿಸಬೇಡಿ.

ನಗುಮುಖ

ಸರಿ ಮೇಡಂ. ಮುಂದಿನ ವಾರವೇ ಹೋಗ್ತೀನಿ.

ಧೂಮಕೇತು

ಶೇಕಡಾ ತೊಂಬತ್ತೈದು ಯಶಸ್ಸು ಅಂತ ಎಲ್ಲಾ ಕಡೆ ಹಾಕಿರ್ತಾರಲ್ಲ, ಮತ್ತೆ ಇಷ್ಟೆಲ್ಲ ಭಯ ಯಾಕೆ?

ಪಿಂಗಾಣಿ

ಅದು ಮೂಳೆಯೊಳಗಿನ ಸ್ಕ್ರೂ ಲೆಕ್ಕ ಗುರು. ಹತ್ತು ವರ್ಷ ಆದ್ಮೇಲೂ ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಸ್ಕ್ರೂ ದವಡೆಯಲ್ಲೇ ಇರುತ್ತವೆ, ಅದು ಸುಳ್ಳಲ್ಲ. ಅದರ ಮೇಲೆ ಕೂತ ಹಲ್ಲು ಚಕ್ಕೆ ಎದ್ದಿದ್ದು, ಹಲ್ಲು ಹಿಡಿಯೋ ಸಣ್ಣ ಸ್ಕ್ರೂ ಸಡಿಲ ಆಗಿದ್ದು, ತೆಗೆಯೋ ಸೆಟ್ಟಿನೊಳಗೆ ಹಿಡಿತಕ್ಕಿರೋ ನೈಲಾನ್ ಸವೆದಿದ್ದು ಆ ಲೆಕ್ಕಕ್ಕೆ ಬರಲ್ಲ. ವೈದ್ಯರ ಹತ್ರ ಎರಡನ್ನೂ ಬೇರೆ ಬೇರೆ ಕೇಳಬೇಕು: ಸ್ಕ್ರೂ ಎಷ್ಟು ಕಾಲ, ಹಲ್ಲು ಎಷ್ಟು ಕಾಲ. ಇಂಪ್ಲಾಂಟ್ ಕಂಪನಿ, ಅಳತೆ, ಲಾಟ್ ಸಂಖ್ಯೆ ಇರೋ ಕಾರ್ಡ್ ಇಸ್ಕೊಂಡು ಜೋಪಾನವಾಗಿಡಿ. ಒಂದು ಕಂಪನಿಯ ಸ್ಕ್ರೂಗೆ ಇನ್ನೊಂದರ ಭಾಗ ಕೂರಲ್ಲ. ಯಾವ ಜಾತಿ ಅಂತ ಗೊತ್ತಿಲ್ಲದ ಇಂಪ್ಲಾಂಟ್‌ನ ಎಕ್ಸ್-ರೇ ಇಟ್ಕೊಂಡು ಭಾಗ ಹುಡುಕೋ ಕೆಲಸ ಶತ್ರುವಿಗೂ ಬೇಡ.

ಕಿರಿಮಗಳು

ಎಲ್ಲರಿಗೂ ಧನ್ಯವಾದ. ಆರೈಕೆ ಅಕ್ಕನ ಮಾತು ಓದಿದ ಮೇಲೆ ಅಪ್ಪನ ಕೈ ಗಮನಿಸಿದೆ. ಬೆರಳ ಗಂಟುಗಳು ಊದಿವೆ, ಅಂಗಿ ಗುಂಡಿ ಹಾಕ್ಕೊಳ್ಳೋಕೇ ಒದ್ದಾಡ್ತಾರೆ, ಫ್ಲಾಸ್ ದಾರ ತೂರಿಸೋದು ಸಾಧ್ಯವೇ ಇಲ್ಲ. ಅಪ್ಪನನ್ನೇ ಕೇಳಿದೆ. "ಮೇಲಿನದಕ್ಕೆ ಏನಾಗಿದೆ ಅಂತ ಅದಕ್ಕೆ ಕತ್ತರಿ? ಕೆಳಗಿನದು ಅಲ್ಲಾಡದಿದ್ದರೆ ಸಾಕು" ಅಂದ್ರು. ಇಷ್ಟು ದಿನ ನಾವು ಮಕ್ಕಳೇ ಮಾತಾಡಿಕೊಳ್ತಿದ್ವಿ.

ಆದ್ರೆ ಹೊಸ ಚಿಂತೆ. ಗುಂಡಿ ಹಾಕೋಕಾಗದ ಬೆರಳಲ್ಲಿ ಆ ಸಿಕ್ಕಿಸಿದ ಸೆಟ್ ಕಿತ್ತು ತೆಗೆಯೋದು ಹೇಗೆ?

ಪಿಂಗಾಣಿ

ಒಳ್ಳೇ ಪ್ರಶ್ನೆ, ಇದನ್ನ ಎಷ್ಟೋ ಕಡೆ ಮೊದಲು ಯೋಚನೆ ಮಾಡಲ್ಲ. ಲೊಕೇಟರ್ ಅಂತ ಒಂದು ಜಾತಿಯ ಕೊಂಡಿ ಬರುತ್ತೆ. ಇಂಪ್ಲಾಂಟ್ ಮೇಲೆ ಗಿಡ್ಡ ಲೋಹದ ಮೊಳೆ, ಸೆಟ್ಟಿನ ಒಳಗೆ ಲೋಹದ ಟೊಪ್ಪಿ, ಟೊಪ್ಪಿಯೊಳಗೆ ನೈಲಾನ್ ಬಿಲ್ಲೆ. ಬಿಲ್ಲೆ ಬಣ್ಣ ಬಣ್ಣದಲ್ಲಿ ಬರುತ್ತೆ: ನೀಲಿ ಸಡಿಲ, ಗುಲಾಬಿ ನಡುವಿನದು, ಬಣ್ಣವಿಲ್ಲದ್ದು ಬಿಗಿ. ಅಪ್ಪನಿಗೆ ನೀಲಿಯಿಂದಲೇ ಶುರು ಮಾಡಿ ಅಂತ ಹೇಳಿ, ಸಾಲದಿದ್ರೆ ಅದಕ್ಕಿಂತ ಬಿಗಿಯದ್ದಕ್ಕೆ ಹೋಗಬಹುದು. ಸೆಟ್ಟಿನ ಎರಡೂ ಬದಿಗೆ ಹೆಬ್ಬೆರಳು ಸಿಕ್ಕಿಸೋಕೆ ಸಣ್ಣ ತಗ್ಗು ಬಿಡಿಸಿ, ನಮಗೆ ಅದೇನೂ ಕಷ್ಟದ ಕೆಲಸ ಅಲ್ಲ. ಬಿಲ್ಲೆ ಸವೆಯುತ್ತೆ, ಆಗಾಗ ಬದಲಾಯಿಸಬೇಕು, ಕುರ್ಚಿಯಲ್ಲೇ ಕೆಲವೇ ನಿಮಿಷದಲ್ಲಿ ಆಗುತ್ತೆ. ಸೆಟ್ಟನ್ನ ಹಲ್ಲಿನಿಂದ ಕಚ್ಚಿ ಕೂರಿಸೋ ಅಭ್ಯಾಸ ಬೇಡ, ಬೆರಳಲ್ಲಿ ಒತ್ತಿ ಕೂರಿಸಬೇಕು, ಕಚ್ಚಿ ಕೂರಿಸಿದ್ರೆ ಬಿಲ್ಲೆ ಬೇಗ ಹಾಳು.

ನಿವೃತ್ತ ಮೇಡಂ

ತಂದೆಯವರನ್ನೇ ಕೇಳಿದ್ದು ಒಳ್ಳೆಯದಾಯಿತು. ಎರಡು ಎಚ್ಚರಿಕೆ ಹೇಳಿಬಿಡುತ್ತೇನೆ. ಒಂದು, ಕೆಳಗೆ ಹಿಡಿತ ಬಂದ ಮೇಲೆ ಮುಂದಿನ ಹಲ್ಲಿನಲ್ಲೇ ಜೋರಾಗಿ ಕಚ್ಚುವ ಅಭ್ಯಾಸವಾದರೆ ಮೇಲಿನ ಸೆಟ್ಟಿನ ಮುಂಭಾಗಕ್ಕೆ ಪೆಟ್ಟು, ಅಲ್ಲಿನ ಮೂಳೆ ಬೇಗ ಸವೆದು ಇಷ್ಟು ದಿನ ನಿಲ್ಲುತ್ತಿದ್ದ ಮೇಲಿನ ಸೆಟ್ಟು ಸಡಿಲವಾಗಬಹುದು. ಎರಡೂ ಬದಿಯಲ್ಲಿ ಸಮನಾಗಿ ಅಗಿಯಲಿ, ಮೇಲಿನದಕ್ಕೆ ಆಗಾಗ ಒಳಪದರ ಹಾಕಿಸಿ. ಎರಡು, ಕೊರೆಯುವ ಮುನ್ನ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಆಗಲೇಬೇಕು. ಸಾದಾ ಎಕ್ಸ್-ರೇಯಲ್ಲಿ ಎತ್ತರ ಕಾಣುತ್ತದೆ, ಅಗಲ ಕಾಣುವುದಿಲ್ಲ. ನರದಿಂದ ಕನಿಷ್ಠ 2 ಮಿಲಿಮೀಟರ್ ಅಂತರ ಬಿಡುತ್ತಾರೆ. ಅದು ತಪ್ಪಿದರೆ ತುಟಿ, ಗದ್ದ ಜೋಮು ಹಿಡಿದು ಹಾಗೆಯೇ ಉಳಿಯಬಹುದು.

ಸೊಸೆ

ಇಂಪ್ಲಾಂಟ್ ಇದ್ರೆ ಎಂಆರ್‌ಐ ಮಾಡಿಸಬಹುದಾ? ಅತ್ತೆಗೆ ಬೆನ್ನಿಂದು ಮಾಡಿಸೋದಿದೆ.

ನಿವೃತ್ತ ಮೇಡಂ

ಮಾಡಿಸಬಹುದು, ಟೈಟಾನಿಯಂ ಅಯಸ್ಕಾಂತಕ್ಕೆ ಸೆಳೆಯುವುದಿಲ್ಲ. ತೆಗೆಯುವ ಸೆಟ್ಟು ಹೊರಗಿಟ್ಟು ಹೋಗಿ. ಕೆಲವು ಸೆಟ್ಟುಗಳಲ್ಲಿ ಹಿಡಿತಕ್ಕೆ ಅಯಸ್ಕಾಂತವನ್ನೇ ಬಳಸಿರುತ್ತಾರೆ, ಹಾಗಿದ್ದರೆ ಸ್ಕ್ಯಾನ್‌ನವರಿಗೆ ಮೊದಲೇ ತಿಳಿಸಿ.

ಕಿರಿಮಗಳು

ಎರಡನೆಯ ವೈದ್ಯರ ಹತ್ತಿರವೇ ಹೋಗೋದು ಅಂತ ತೀರ್ಮಾನ ಆಯ್ತು. ಕೊನೆಯದಾಗಿ ಒಂದು. ನಾಲ್ಕು ಹಲ್ಲು ಕಿತ್ತು, ಇಂಪ್ಲಾಂಟ್ ಕೂಡಿಕೊಳ್ಳುವವರೆಗೆ ಕೆಳಗೆ ಏನು? ಅಷ್ಟು ತಿಂಗಳು ಬೋಳು ಬಾಯಲ್ಲಿ ಇರೋಕೆ ಅಪ್ಪ ಒಪ್ಪಲ್ಲ. ಈಗಿರೋ ಕೆಳಗಿನ ಸೆಟ್ ಬಿಸಾಡೋದಾ?

ಪಿಂಗಾಣಿ

ಬಿಸಾಡಬೇಡಿ! ಹಲ್ಲು ಕೀಳೋ ಮೊದಲೇ ಅದನ್ನ ಬಾಯಲ್ಲಿಟ್ಟು ಅಳತೆ ತೆಗೆದು ಲ್ಯಾಬಿಗೆ ಕಳಿಸಿದ್ರೆ, ಅದೇ ಸೆಟ್ಟಿಗೆ ಮುಂದಿನ ನಾಲ್ಕು ಹಲ್ಲು ಸೇರಿಸಿ ಪೂರ್ತಿ ಸೆಟ್ ಮಾಡಿಕೊಡ್ತೀವಿ. ಕೀಳೋ ದಿನಕ್ಕೆ ತಯಾರಿರುತ್ತೆ.

ನಿವೃತ್ತ ಮೇಡಂ

ಹೌದು. ಇಂಪ್ಲಾಂಟ್ ಹಾಕಿದ ಮೇಲೆ ಸುಮಾರು ಎರಡು ವಾರ ಅದನ್ನೂ ಧರಿಸದಿದ್ದರೆ ಒಳ್ಳೆಯದು. ಆಮೇಲೆ ಇಂಪ್ಲಾಂಟ್ ಇರುವ ಜಾಗದಲ್ಲಿ ಸೆಟ್ಟಿನ ಒಳಭಾಗ ಕೆರೆದು, ಮೆತ್ತನೆಯ ಪದರ ತುಂಬಿ ಕೊಡುತ್ತಾರೆ, ಗಾಯದ ಮೇಲೆ ಭಾರ ಬೀಳಬಾರದು. ಆ ಮೆದು ಪದರ ಗಟ್ಟಿಯಾಗುತ್ತಾ ಹೋಗುತ್ತದೆ, ಕೆಲವು ವಾರಗಳಿಗೊಮ್ಮೆ ಬದಲಾಯಿಸಬೇಕು. ಮೂರು ತಿಂಗಳ ಹೊತ್ತಿಗೆ ಇಂಪ್ಲಾಂಟ್ ಕೂಡಿಕೊಂಡಿರುತ್ತದೆ. ಸೆಟ್ಟು ಗಟ್ಟಿಮುಟ್ಟಾಗಿದ್ದರೆ ಲೊಕೇಟರ್ ಟೊಪ್ಪಿಗಳನ್ನು ಅದಕ್ಕೇ ಕೂರಿಸಿ ಕೆಲವು ಕಾಲ ಬಳಸಿ ನೋಡಬಹುದು, ಹೊಸ ಸೆಟ್ಟಿನ ಅಳತೆ ಆಮೇಲೆ ತೆಗೆದರಾಯಿತು.

ಕಿರಿಮಗಳು

ಸರಿ ಮೇಡಂ. ಹಾಗಾದರೆ ಹಲ್ಲು ಕೀಳೋ ದಿನ ಗೊತ್ತು ಮಾಡೋ ಮೊದಲೇ ಅಳತೆಗೆ ಕರ್ಕೊಂಡು ಹೋಗ್ತೀನಿ. ನೀಲಿ ಬಿಲ್ಲೆ ವಿಷಯ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೀನಿ.